ಬೀಗದ ಮಾತು ಬಾಯಿಗೆ ಬರದೆ ಲ್ಯಾಪ್‌ಟಾಪ್ ಹೋಗುತ್ತಿತ್ತು

ಲ್ಯಾಪ್‌ಟಾಪಿನ ಕೀಲಿಗಳ ಸಂದಿಗೆ ಇಳಿದಿದ್ದ ಕುಮಿಸ್ಸನ್ನು ನಾನು ಬಟ್ಟೆಯ ಚುಂಗಿನಿಂದ ಒರೆಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಬಟ್ಟಲು ಮಗುಚಿದ್ದು ಅವರ ಮೊಣಕೈ ತಾಗಿ. ಹುಳಿ ಬಂದ ಕುದುರೆ ಹಾಲಿನ ವಾಸನೆ ಒಳಗಿನಿಂದ ಬರುತ್ತಿತ್ತು. ಪರದೆ ಬೆಳಗಲಿಲ್ಲ.

ಅತ್ತೆ ಎದ್ದು ಕುರಿದೊಗಲು ತಂದರು. ಆಗತಾನೇ ಹುಟ್ಟಿದ ಕುರಿಮರಿಯನ್ನು ಸುತ್ತುವಂತೆ ಲ್ಯಾಪ್‌ಟಾಪನ್ನು ಅದರಲ್ಲಿ ಸುತ್ತಿ ಒಲೆಯ ಪಕ್ಕ ಮಲಗಿಸಿದರು. ಬೆಳಿಗ್ಗೆ ನೋಡಿದರೆ ಒಂದು ಮೂಲೆ ಬಿಸಿಗೆ ಬಾಗಿತ್ತು.

ಉಣ್ಣೆಯ ನೆಲಹಾಸು ಮಾಡುವ ನಮ್ಮ ಹೆಂಗಸರ ಗುಂಪಿನ ಇಪ್ಪತ್ಮೂರು ಚಿತ್ತಾರಗಳ ಫೋಟೋಗಳು ಆ ಲ್ಯಾಪ್‌ಟಾಪಿನಲ್ಲೇ ಇದ್ದವು. ಬರೆದವರು ಸಾಲ್ಕಿನ್ ಅಜ್ಜಿ. ಮೂಲ ಕಾಗದಗಳನ್ನು ಇಲಿ ತಿಂದಿದೆ, ಅಜ್ಜಿಗೆ ಈಗ ಕಣ್ಣು ಕಾಣದು.

ಪಕ್ಕದ ಮನೆಯ ಜಿಪಾರಕ್ಕ, ಪರದೆ ಬೆಳಗದಿದ್ದರೆ ಯಂತ್ರ ಸತ್ತಂತೆಯೇ ಎಂದಳು. ಅವಳ ಗಂಡ, ಎರಡು ವಾರ ಒಣಗಿದರೆ ತಾನಾಗಿ ಸರಿಹೋಗುತ್ತದೆ ಎಂದ. ಯಾರನ್ನು ನಂಬುವುದೋ ತಿಳಿಯಲಿಲ್ಲ. ಹಳೆಯದನ್ನು ತೆಗೆದುಕೊಂಡು ಹೊಸದು ಕೊಡುವ ಅಂಗಡಿ ನಾರಿನ್ ಪೇಟೆಯಲ್ಲಿದೆ, ಶನಿವಾರ ಕೊಟ್ಟುಬಿಡೋಣ ಎಂದರು ಮಾವ.

"ಒಳಗಿರೋ ಚಿತ್ತಾರ?" ಎಂದು ಅತ್ತೆ ಕೇಳಿದರು.

"ಹೊಸದ್ರಲ್ಲೂ ಬರತ್ತೆ ಬಿಡು. ಈಗ ಎಲ್ಲಾ ಗಾಳೀಲೇ ಇರತ್ತಂತಲ್ಲ."

ಇರುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಕೊಡುವ ಮೊದಲು ಒಮ್ಮೆ ತೋರಿಸೋಣ ಎಂದು ಅತ್ತೆಯಿಂದ ಹೇಳಿಸಿದೆ. ವ್ಯಾನಿನವನ ಕೈಯಲ್ಲಿ ಅದನ್ನು ಪೇಟೆಯ ರಿಪೇರಿ ಅಂಗಡಿಯ ತಮಾರಾಳಿಗೆ ಕಳಿಸಿದೆವು.

ಮರುದಿನ ಎಲ್ಲರೂ ಚಹಾ ಕುಡಿಯುವಾಗ ಅವಳ ಫೋನ್ ಬಂತು. ಬೇರೆ ಪರದೆಗೆ ಜೋಡಿಸಿದರೆ ಯಂತ್ರ ಎದ್ದಿತಂತೆ. ಮುಂದೆ ಹೋಗಲು ಬೀಗದ ಮಾತು, ಅಂದರೆ ಪಾಸ್‌ವರ್ಡ್ ಬೇಕಂತೆ.

ಪಾಸ್‌ವರ್ಡ್ ಇಟ್ಟಿದ್ದವರು ನನ್ನ ಗಂಡ. ಅವರು ಕುದುರೆಗಳ ಜೊತೆ ಬೆಟ್ಟದ ಹುಲ್ಲುಗಾವಲಿನಲ್ಲಿದ್ದರು, ಅಲ್ಲಿ ಫೋನ್ ಸಿಗುವುದಿಲ್ಲ. ಇಟ್ಟಿದ್ದು ತಮ್ಮ ಅಪ್ಪನ ಹೆಸರು, ನಮ್ಮ ಭಾಷೆಯಲ್ಲಿ ಅದಕ್ಕೆ ಉಕ್ಕು ಎಂದರ್ಥ. ನಾನು ದಿನವೂ ಅದನ್ನು ಬೆರಳಿನಿಂದ ಒತ್ತುತ್ತಿದ್ದೆ. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ, ಅದೂ ಅವರ ಎದುರಿಗೆ?

"ಒಳ್ಳೇ ಚೂರಿಯ ಅಲಗು ಯಾವುದ್ರಿಂದ ಮಾಡ್ತಾರೋ, ಅದು," ಎಂದೆ.

ತಮಾರಾ ಕಬ್ಬಿಣ ಎಂದು ಒತ್ತಿದಳು. ತಪ್ಪು.

"ಅದಕ್ಕಿಂತ ಗಟ್ಟಿ. ಹೊಳೆಯತ್ತೆ."

ಬೆಳ್ಳಿ ಎಂದು ಒತ್ತಿದಳು. ಅದೂ ತಪ್ಪು. "ಏನಮ್ಮ, ಒಗಟು ಹೇಳ್ತಿದೀಯಾ? ಮರೆತಿದ್ರೆ ಹೇಳು, ಎಲ್ಲಾ ಅಳಿಸಿಬಿಡ್ತೀನಿ."

ನನ್ನ ಮುಖ ನೋಡಿ ಮಾವ, "ಏನು ಬೇಕಂತೆ ಅವಳಿಗೆ?" ಎಂದರು.

"ನೀವು."

"ನಾನ್ಯಾಕೆ? ಕುಮಿಸ್ ಚೆಲ್ಲಿದ್ದು ನಾನಲ್ಲ."

"ಬೀಗದ ಮಾತು ನೀವೇ, ಮಾವ."

ಮೊದಲು ಅರ್ಥವಾಗಿದ್ದು ಅತ್ತೆಗೆ. ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, "ನಿಮ್ಮ ಹೆಸರು ಹೇಳ್ರೀ," ಎಂದರು. ಮಾವ ಇನ್ನೂ ಗೊಂದಲದಲ್ಲೇ ಫೋನ್ ತೆಗೆದುಕೊಂಡು, ದೂರದ ಮಂದೆಯನ್ನು ಕೂಗುವ ದನಿಯಲ್ಲಿ ತಮ್ಮ ಹೆಸರು ಹೇಳಿದರು.

ತೆರೆಯಿತು. ಇಪ್ಪತ್ಮೂರೂ ಇದ್ದವು.

ಹಾಳಾಗಿದ್ದು ಕೀಲಿಮಣೆ ಮತ್ತು ಪರದೆಯ ತಂತಿ ಮಾತ್ರ, ರಿಪೇರಿಗೆ ಹೊಸದರ ಬೆಲೆಯ ಹತ್ತರಲ್ಲಿ ಒಂದು ಪಾಲು ಸಾಕು ಎಂದಳು ತಮಾರಾ. ಅರ್ಧ ಬೆಲೆ ದಾಟಿದ್ದರೆ ಹೊಸದನ್ನೇ ಕೊಳ್ಳಿ ಎನ್ನುತ್ತಿದ್ದಳಂತೆ. ಆಗಲೂ ಒಳಗಿನದನ್ನು ತೆಗೆದಿಟ್ಟುಕೊಳ್ಳದೆ ಹಳೆಯದನ್ನು ಕೊಡಬಾರದು. ನಾವೇ ಕಳಿಸದೆ ಯಾವುದೂ ಗಾಳಿಗೆ ಹೋಗುವುದಿಲ್ಲ. ಇನ್ನು ನೀರು, ಹಾಲು ಬಿದ್ದರೆ ತಕ್ಷಣ ಯಂತ್ರ ಆಫ್ ಮಾಡಿ, ತಂತಿ ಕಿತ್ತು, ಬೋರಲು ಹಾಕಬೇಕು. ಒಲೆಯ ಹತ್ತಿರ ಇಡಲೇಬಾರದು. ಅತ್ತೆ ಬೇರೆ ಕಡೆ ನೋಡಿದರು.

"ಇನ್ನೆಷ್ಟು ದಿನ ಬರತ್ತೆ?" ಎಂದು ಮಾವ ಕೇಳಿದರು.

"ಎರಡು ವರ್ಷ ಬರಬಹುದು. ಬರದೆಯೂ ಇರಬಹುದು."

"ಕುದುರೆ ಮಾರೋನೂ ಇದಕ್ಕಿಂತ ಹೆಚ್ಚು ಹೇಳಲ್ಲ. ರಿಪೇರಿ ಮಾಡಮ್ಮ," ಎಂದರು ಮಾವ.

ಅಕ್ಕಂದಿರೇ, ಕೆಟ್ಟಿದ್ದನ್ನು ಎಸೆಯುವ ಮೊದಲು ಬಲ್ಲವರಿಗೆ ತೋರಿಸಿ. ಬೀಗದ ಮಾತನ್ನು, ಅದನ್ನು ಬಾಯಿಬಿಟ್ಟು ಹೇಳಬಲ್ಲ ಮನೆಯವರೊಬ್ಬರಿಗೆ ತಿಳಿಸಿಡಿ. ಬೇಕಾದದ್ದನ್ನು ಎರಡು ಕಡೆ ಇಡಿ. ನಾವಿನ್ನೂ ಇಟ್ಟಿಲ್ಲ. ಭಾನುವಾರ ಗುಂಪಿನಲ್ಲಿ ಪೆನ್‌ಡ್ರೈವ್ ಕೇಳಿದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣೆ ಬಿಡಿಸುತ್ತಿದ್ದರು. ಇಲ್ಲಿ ಬರೆದು ಮತ್ತೆ ಕೇಳುತ್ತೇನೆ: ಯಾರ ಮನೆಯಲ್ಲಾದರೂ ಖಾಲಿ ಪೆನ್‌ಡ್ರೈವ್ ಇದ್ದರೆ, ಅಜ್ಜಿಯ ಚಿತ್ತಾರಗಳನ್ನು ಹಾಕಿಡಲು ಕೊಡುತ್ತೀರಾ?