ನೋಡ್ಯಾಳ್ರಿ, ಅತ್ತಿ

ಸುಗಂಧಾ ಸುಳ್ಳು ಹೇಳುವವಳಲ್ಲ ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರಿಗೆ ಆಕೆಯ ಸುಳ್ಳುಗಳು ಗೊತ್ತಿಲ್ಲ, ಅಷ್ಟೆ. ಗಾಯಕ್ಕೆ ಅರಿಶಿನ ಒತ್ತಿದ ಹಾಗೆ, ಮಾತು ಎಲ್ಲಿ ಉರಿಯುತ್ತಿದೆಯೋ ಅಲ್ಲಿ ಒಂದು ಚಿಟಿಕೆ ಸುಳ್ಳು ಒತ್ತುವುದು ಆಕೆಯ ರೂಢಿ. ಹಾರೂಗೇರಿ ಸಮೀಪದ ಆ ಜೈನ ಒಕ್ಕಲುಮನೆಯಲ್ಲಿ, ಅತ್ತೆ ಸುಂದರಾಬಾಯಿಯ ಖಾರದ ಬಾಯಿಗೂ ಗಂಡ ಪಾರಿಸನ ಬಾಯಿಲ್ಲದ ಸ್ವಭಾವಕ್ಕೂ ನಡುವೆ ಇಪ್ಪತ್ತೆಂಟು ವರ್ಷ ಸಂಸಾರ ತೂಗಿಸಿಕೊಂಡು ಬಂದದ್ದು ಆ ಅರಿಶಿನದಿಂದಲೇ.

ಅರಿಶಿನ ಹತ್ತದ ಗಾಯ ಒಂದೇ ಒಂದಿತ್ತು. ಅದು ಪಾರಿಸನ ತಂಗಿ ಪೂನಮಳದು.

ಒಂಬತ್ತು ವರ್ಷದ ಕೆಳಗೆ ಪೂನಮಳ ಗಂಡ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಆಕೆ ತವರಿಗೆ ಬಂದಳು. ಬಂದ ಮೂರನೆಯ ದಿನ, ಮಾತಾಡಿಸಲು ಬಂದ ಮಂದಿ ಪಡಸಾಲೆ ತುಂಬ ಕೂತಿರುವಾಗ, ಸುಂದರಾಬಾಯಿ ಅಂದುಬಿಟ್ಟಳು: "ಗಂಡನ್ನ ತಿಂದ ಬಂದಾಳ, ಇನ್ನ ಅಣ್ಣನ ಮನಿ ತಿನ್ನಾಕ." ಪೂನಮ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಸಪ್ಪಳವಾಗದಂತೆ ಕೆಳಗಿಟ್ಟಳು. ಚೀಲ ತೆಗೆದುಕೊಂಡು ಹೋದವಳು ತಿರುಗಿ ಬರಲಿಲ್ಲ. ಇಚಲಕರಂಜಿಯಲ್ಲಿ ಯಾವುದೋ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂಬಷ್ಟೇ ಸುದ್ದಿ. ಪಾರಿಸ ಎರಡು ಸಲ ಹೋಗಿ ಹುಡುಕಿದ. ಆ ಊರಲ್ಲಿ ಮನೆಗಳಿಗಿಂತ ಸೀರೆ ಅಂಗಡಿಗಳೇ ಹೆಚ್ಚು. ಫೋನ್ ನಂಬರೂ ಬದಲಾಗಿತ್ತು.

ಆಕೆ ಸಿಕ್ಕಿದ್ದು ಸಾರಿನಲ್ಲಿ. ಸುಗಂಧಾ ತನ್ನ ಅಡಿಗೆಯನ್ನು ಫೋನಿನಲ್ಲಿ ತೋರಿಸುತ್ತಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆ ಅದು, ಹಾಗಾಗಿ ದಿನಾ ನಾಲ್ಕು ಗಂಟೆಗೆ ಒಲೆ ಹೊತ್ತುತ್ತಿತ್ತು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಲೈವ್ ಹಚ್ಚಿ, ರೊಟ್ಟಿ ಬಡಿಯುತ್ತ ಮಾತಾಡುವಳು. ಹಳೆಯ ಫೋನು, ಅದರಲ್ಲಿ ವಿಡಿಯೋ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಲೈವ್ ಆದರೆ ಆ ಕಂಪನಿಯವರೇ ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ, ನಮಗೇಕೆ ಭಾರ ಎಂದು ಆಕೆಯ ಲೆಕ್ಕ. ಹನ್ನೊಂದು ಸಾವಿರ ಮಂದಿ ಆ ಪುಟದ ಬೆನ್ನು ಹತ್ತಿದ್ದರು. ಒಮ್ಮೆ ಕಟ್ಟಿನ ಸಾರಿಗೆ ಹುಣಸೆಹುಳಿ ಹಿಂಡುತ್ತಿರುವಾಗ, ಸೇವಂತಿ ಹೂವಿನ ಚಿತ್ರವಿದ್ದ ಯಾರೋ ಕೆಳಗೆ ಬರೆದರು: "ಅವ್ವ ಇದಕ್ಕ ಹುಣಸಿಹಣ್ಣ ಹಾಕೂದಿಲ್ಲ. ಆಮಸೋಲ."

ಸಾರಿನ ಹುಳಿಗೆ ಒಣ ಆಮಸೋಲ, ಅಂದರೆ ಮುರುಗಲ ಹಣ್ಣಿನ ಸಿಪ್ಪೆ, ಹಾಕುವುದು ಆ ಊರಲ್ಲಿ ಸುಂದರಾಬಾಯಿ ಒಬ್ಬಳೇ. ಸುಗಂಧಾಳ ಕೈ ಅಲ್ಲೇ ನಿಂತಿತು.

ಸಂದೇಶ ಕಳಿಸಿ ನೋಡಿದಳು, ಹೋಗಲಿಲ್ಲ. ಆ ಬಾಗಿಲನ್ನು ಪೂನಮ ಒಳಗಿನಿಂದ ಹಾಕಿಕೊಂಡಿದ್ದಳು. ಆದರೆ ನಾಲ್ಕು ಗಂಟೆಗೆ ಆ ಸೇವಂತಿ ತಪ್ಪದೆ ಬರುತ್ತಿತ್ತು, ಏನೂ ಬರೆಯದೆ ಹೋಗುತ್ತಿತ್ತು. ಅಂದಿನಿಂದ ಸುಗಂಧಾ ಅಡಿಗೆ ಮಾಡಿದ್ದು ಹನ್ನೊಂದು ಸಾವಿರ ಮಂದಿಗಲ್ಲ, ಒಬ್ಬಳಿಗೆ. ಸುಮ್ಮನಿರಲಾಗದೆ ನಡುನಡುವೆ ಅರಿಶಿನವನ್ನೂ ಒತ್ತುತ್ತಿದ್ದಳು: ಇವತ್ತು ಅತ್ತಿ ಪೂನಮಳನ್ನು ನೆನೆಸಿದರು, ನಿನ್ನೆ ಕನಸಿನಲ್ಲಿ ಕಂಡಳಂತೆ. ಹೀಗೇ ಒಂದು ದಿನ ಹೇಳುತ್ತಿರುವಾಗ ಪಡಸಾಲೆಯಿಂದ ಮುದುಕಿಯ ದನಿ ಬಂತು, ಫೋನಿಗೂ ಕೇಳುವಷ್ಟು ಗಟ್ಟಿಯಾಗಿ.

"ಯಾರ ಮುಂದ ಹೇಳಾಕತ್ತಿ ಬೇ? ನಾ ಯಾರನ್ನೂ ನೆನಸಿಲ್ಲ."

ಸೇವಂತಿ ಅಂದು ಬೇಗ ಹೋಯಿತು. ಮರುದಿನ ಮತ್ತೆ ಬಂತು.

ಈ ವರ್ಷ ಮಾಘದಲ್ಲಿ, ಎಂಬತ್ನಾಲ್ಕರ ಸುಂದರಾಬಾಯಿಯ ಹೊಟ್ಟೆಯ ಗಡ್ಡೆಗೆ ಇನ್ನು ಔಷಧಿಯಿಲ್ಲ ಎಂದು ಮಿರಜದ ಡಾಕ್ಟರು ಮನೆಗೆ ಕಳಿಸಿದರು. ಮುದುಕಿ ಅಳಲಿಲ್ಲ. ಬಸದಿಯಲ್ಲಿ ಬಿಡಾರ ಮಾಡಿದ್ದ ಮುನಿ ಮಹಾರಾಜರನ್ನು ಕರೆಸಿ ಸಲ್ಲೇಖನ ವ್ರತ ಬೇಡಿದಳು. ವಾಸಿಯಾಗದ ಕಾಯಿಲೆಯಲ್ಲಿ, ಗುರುವಿನ ಅಪ್ಪಣೆಯಿಂದ, ಅನ್ನದ ಆಸೆಯನ್ನು ಮೆಲ್ಲಗೆ ಬಿಟ್ಟು, ಯಾರ ಮೇಲೂ ಸಿಟ್ಟಿಲ್ಲದೆ ದೇಹ ಇಳಿಸುವುದು ಅವರ ಕುಲದಲ್ಲಿ ದೊಡ್ಡ ಸಾವು. ಆಕೆಯ ಅತ್ತೆಯೂ ಹಾಗೇ ಹೋದವಳು. ಮಹಾರಾಜರು ಮೂರು ಸಲ ಕೇಳಿ, ಮೂರು ಸಲ ತಡೆದು, ಕೊನೆಗೆ ಒಪ್ಪಿದರು. ಮರುದಿನ ಸೂರ್ಯೋದಯದಿಂದ ವ್ರತ, ಅದರ ಜೊತೆ ಮೌನ. ಅದಕ್ಕೆ ಮೊದಲು ಎಲ್ಲರ ಕ್ಷಮೆ ಕೇಳಿ ಮುಗಿಸಬೇಕು.

ಮುದುಕಿ ಅಂದು ಬೆಳಗಿನಿಂದ ಕ್ಷಮೆ ಕೇಳಿದಳು. ನೆರೆಯವರನ್ನು, ಮಗನನ್ನು, ಸೊಸೆಯನ್ನು, ಕೊಟ್ಟಿಗೆಗೆ ಹೊತ್ತೊಯ್ಯಿಸಿಕೊಂಡು ಎಮ್ಮೆಯನ್ನು. ಮೂವತ್ತು ವರ್ಷ ಆಕೆಯ ಬೈಗುಳ ತಿಂದು ಹೊಲದಲ್ಲಿ ದುಡಿದ ಸಕ್ಕುಬಾಯಿಯ ಮುಂದೆ ಕೈಮುಗಿದಾಗ, ಸಕ್ಕುಬಾಯಿ ಕಣ್ಣೊರೆಸಿಕೊಂಡು, "ಕ್ಷಮಾ ಮಾಡೀನ್ರಿ ಬಾಯಾರ. ಆದ್ರ ಬೈಗಳಾ ಇಲ್ಲದ ನನಗ ಕಳೆ ತಗ್ಯಾಕ ಕೈ ಹೆಂಗ ಏಳಬೇಕ್ರಿ?" ಎಂದಳು. ಮುದುಕಿಗೂ ನಗು ಬಂತು.

ಆಮೇಲೆ ಅಂದಳು, "ಒಬ್ಬಾಕಿ ಉಳದಾಳ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಮಗಳ ಮಾತು ತೆಗೆದಿದ್ದಳು. ಸುಗಂಧಾ ಓಡಿಹೋಗಿ ಫೋನು ತಂದಳು. ಸೇವಂತಿಯ ಕತೆ ಹೇಳಿದಳು. ಈ ಡಬ್ಬಿಗೆ ಕೈಮುಗಿಯಲೇನು ಎಂದು ಮುದುಕಿ ಗೊಣಗಿದಳು, ಆದರೆ ಸೆರಗು ಸರಿಮಾಡಿಕೊಂಡಳು. ನಾಲ್ಕು ಗಂಟೆಗೆ ಸರಿಯಾಗಿ, ರೂಢಿಯಂತೆ ಸುಗಂಧಾ ಲೈವ್ ಹಚ್ಚಿದಳು. ಬೇರೆ ರೀತಿ ಆಕೆಗೆ ಗೊತ್ತೂ ಇರಲಿಲ್ಲ.

ಸುಂದರಾಬಾಯಿ ಫೋನಿನ ಕಣ್ಣನ್ನೇ ನೋಡುತ್ತ, ನಾಳೆಯಿಂದ ಅನ್ನ ಬಿಡುವುದನ್ನು, ಸಾವಿಗೆ ತಯಾರಾಗಿರುವುದನ್ನು ಹೇಳಿದಳು. ಮಹಾರಾಜರ ಹೆಸರು ಹೇಳಿದಳು. ಆಮೇಲೆ ಎರಡೂ ಕೈ ಎತ್ತಿದಳು.

"ಪೂನಮಾ, ಅವತ್ತ ಮಂದ್ಯಾಗ ನಾ ಅಂದದ್ದು ಸುಳ್ಳು. ನೀ ತಿಂದಿಲ್ಲ. ಅಳಿಯಾ ಹ್ವಾದಂತ ನನ್ನ ಹೊಟ್ಟಿ ಉರದಿತ್ತು, ಆ ಬೆಂಕಿ ತಗದ ನಿನ್ನ ಮ್ಯಾಲ ಒಗದ್ನಿ. ತಪ್ಪ ನಂದು. ಕೈ ಮುಗಿತೀನಿ ಮಗಳ. ಬರೂ ಮನಸಿದ್ರ ಬಾ. ಇಲ್ಲಂದ್ರ ಕುಂತಲ್ಲೇ ಒಮ್ಮಿ ಹೂಂ ಅನ್ನು."

ಸುಗಂಧಾಳ ಕಣ್ಣು ತುಂಬಿ ಪರದೆ ಮಂಜಾಗಿತ್ತು. ಸೇವಂತಿ ಬಂದಿತ್ತೋ ಇಲ್ಲವೋ ನೋಡಲಾಗಲಿಲ್ಲ. ರಾತ್ರಿಯೊಳಗೆ ನೋಡಿದರಾಯಿತು, ಎಲ್ಲಿ ಹೋಗುತ್ತದೆ ಎಂದುಕೊಂಡಳು.

ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ವಿಡಿಯೋ ಇರಲಿಲ್ಲ. ಪುಟವೂ ಇರಲಿಲ್ಲ. ಬಿಳಿ ಪರದೆಯ ಮೇಲೆ ಪುಸ್ತಕದ ಕನ್ನಡದಲ್ಲಿ ಬರೆದಿತ್ತು: ಆತ್ಮಹತ್ಯೆ ಅಥವಾ ಸ್ವಯಂ ಹಾನಿಯನ್ನು ಉತ್ತೇಜಿಸುವ ವಿಷಯವನ್ನು ನಾವು ಅನುಮತಿಸುವುದಿಲ್ಲ. ಕೆಳಗೆ, ನೀವು ಒಬ್ಬಂಟಿಯಲ್ಲ, ಯಾರೊಂದಿಗಾದರೂ ಮಾತನಾಡಿ ಎಂದು ಒಂದು ಫೋನ್ ನಂಬರು.

ಅಷ್ಟರಲ್ಲಿ ಒಳಗಿನಿಂದ ಮುದುಕಿ ಕರೆದಳು. ಹೊರಗೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಸುಗಂಧಾ ಹೋಗಿ ಬಾಗಿಲಲ್ಲಿ ನಿಂತಳು.

"ಹೂಂ ಅಂದ್ಲೇನು?"

ಆ ಮುಖವನ್ನು ಸುಗಂಧಾ ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನ ಮುಖ. ನಾಳೆ ಹೇಗೂ ಸರಿಹೋಗುತ್ತದೆ, ಹಾರೂಗೇರಿಗೆ ಹೋಗಿ ಅರ್ಜಿ ಹಾಕಿಕೊಡುವ ಸನ್ಮತಿಗೆ ಹೇಳಿ ಪುಟ ತೆರೆಸಿದರಾಯಿತು. ಇವತ್ತು ಈ ಜೀವಕ್ಕೇಕೆ ಕೊರಗು? ಕೈ ತನ್ನಷ್ಟಕ್ಕೆ ಅರಿಶಿನದ ಡಬ್ಬಿಗೆ ಹೋಯಿತು.

"ನೋಡ್ಯಾಳ್ರಿ, ಅತ್ತಿ. ಹೂಂ ಅಂದಾಳ."

ಸುಂದರಾಬಾಯಿ ಕಣ್ಣು ಮುಚ್ಚಿಕೊಂಡಳು. ಬೆಳಗಾದಾಗ ಮೌನ ಹಿಡಿದಳು.

ಸನ್ಮತಿಯದು ಹಾರೂಗೇರಿ ಬಸ್‌ಸ್ಟ್ಯಾಂಡಿನ ಹಿಂದೆ ಪುಟ್ಟ ಕಂಪ್ಯೂಟರ್ ಅಂಗಡಿ. ಹೊಲದ ಉತಾರ, ರೇಶನ್ ಕಾರ್ಡು, ಪಿಂಚಣಿ ಅರ್ಜಿ, ಏನಿದ್ದರೂ ಸರಕಾರದ ಬಾಗಿಲು ಬಡಿಯುವುದು ಅವನ ಕಸುಬು. ಎಲ್ಲ ಕೇಳಿ, ಮರುಪರಿಶೀಲನೆಗೆ ಅರ್ಜಿ ಹಾಕಲು ಕೂತ. ಬರೆಯಲು ಜಾಗವೇ ಇರಲಿಲ್ಲ. ನಾಲ್ಕು ಕಾರಣ ಕೊಟ್ಟಿದ್ದರು, ಒಂದನ್ನು ಒತ್ತಬೇಕು. ವ್ರತ ಎಂಬುದು ನಾಲ್ಕರಲ್ಲೂ ಇರಲಿಲ್ಲ. ನಾನು ಇದನ್ನು ಒಪ್ಪುವುದಿಲ್ಲ ಎಂಬುದನ್ನು ಒತ್ತಿದ. ಚಹಾ ತರಿಸಿದ. ಚಹಾ ಬರುವ ಮೊದಲೇ ಉತ್ತರ ಬಂತು: ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ.

ಯಾರು ಪರಿಶೀಲಿಸಿದರು ಎಂದು ಸುಗಂಧಾ ಕೇಳಿದಳು. ಮನುಷ್ಯರು ನೋಡಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ ಎಂದ ಸನ್ಮತಿ. ಆಕೆ ಮತ್ತೆ ಕೇಳಿದಳು: ಅವರ ಕಚೇರಿ ಎಲ್ಲಿ? ಚಿಕ್ಕೋಡಿಯೋ, ಬೆಳಗಾವಿಯೋ, ಎಲ್ಲಿದ್ದರೂ ಹೋಗಿ ಕೈಕಾಲು ಹಿಡಿಯುತ್ತೇನೆ. ತಹಶೀಲ್ದಾರರ ಮುಂದೆ ಕೂತು ಎದ್ದ ಹೆಂಗಸು ಆಕೆ; ಬಾಗಿಲಿದ್ದರೆ ಸಾಕಿತ್ತು.

"ಬಾಗಲಾನ ಇಲ್ರಿ ಕಾಕು ಅದಕ್ಕ," ಎಂದ ಸನ್ಮತಿ. "ಅವರದೂ ಪೂರಾ ತಪ್ಪಂತ ಹೇಳಾಕ ಬರೂದಿಲ್ಲ. ಹ್ವಾದ ವರ್ಷ ಒಬ್ಬಾಕಿ ಹುಡುಗಿ ಫೋನ್ ಹಚ್ಚಿ ಹಗ್ಗಾ ತೋರಿಸಿದ್ಲಂತ. ಹಿಂಗ ಗೊತ್ತಾಗಿ ಪೊಲೀಸ್ರು ಹೋಗಿ ಉಳಿಸಿದ್ರು. ಆ ಹುಡುಗಿ ಸಲವಾಗಿ ಹಾಕಿದ ಬೇಲಿ ಐತ್ರಿ ಇದು. ನಮ್ಮ ಆಯಿ ಅದರಾಗ ಸಿಕ್ಕಾಳ."

ತನ್ನ ಖಾತೆಯಿಂದ ಸೇವಂತಿಯನ್ನು ಹುಡುಕಿಯೂ ನೋಡಿದ. ಸೇವಂತಿ ಚಿತ್ರದವರು ಸಾವಿರ ಮಂದಿ. ಹೆಸರೂ ಬರೇ ಪಿ.ಪಿ. ಸುಗಂಧಾಳ ನಂಬರಿಗೆ ಹೊಸ ಪುಟ ತೆರೆಯಲು ಕಂಪನಿ ಬಿಡಲಿಲ್ಲ. ಪಾರಿಸ ಮೂರನೆಯ ಸಲ ಇಚಲಕರಂಜಿಗೆ ಹೋಗಿ, ಎರಡು ದಿನ ಅಂಗಡಿಯಿಂದ ಅಂಗಡಿಗೆ ಅಲೆದು, ಹೋದ ಮುಖದಲ್ಲೇ ತಿರುಗಿ ಬಂದ.

ವ್ರತದ ಮೂರನೆಯ ದಿನ ಪೊಲೀಸ್ ಜೀಪು ಬಂತು. ಹವಾಲ್ದಾರ ಮಾಳೇಶ, ಅದೇ ಸೀಮೆಯವನು, ಒಳಗೆ ಬಂದವನೇ ಟೋಪಿ ತೆಗೆದು ಮುದುಕಿಗೆ ಅಡ್ಡಬಿದ್ದ. ಮೇಲಿನಿಂದ ಸೂಚನೆ ಬಂದಿದೆ, ಬರದೆ ಗತಿಯಿಲ್ಲ ಎಂದು ಬೇಡಿಕೊಂಡ. ಇನ್ನು ಇಂಥ ವಿಡಿಯೋ ಹಾಕುವುದಿಲ್ಲ ಎಂದು ಸುಗಂಧಾಳಿಂದ ಬರೆಸಿಕೊಂಡ. ಆ ವಿಡಿಯೋ ನಿಮ್ಮ ಹತ್ತಿರ ಇದೆಯೇ, ನೀವಾದರೂ ನೋಡಿದ್ದೀರಾ ಎಂದು ಆಕೆ ಆಸೆಯಿಂದ ಕೇಳಿದಳು.

"ಇಲ್ರಿ ಅಕ್ಕಾರ. ತಗದಾರಂತ ಕಾಗದದಾಗ ಐತಿ, ಅಷ್ಟ."

ಹನ್ನೆರಡು ದಿನ ಸುಂದರಾಬಾಯಿ ಬದುಕಿದ್ದಳು. ದಿನಾ ನಾಲ್ಕು ಗಂಟೆಗೆ ಆಕೆಯ ಕಣ್ಣು ಫೋನಿನ ಕಡೆ ತಿರುಗುತ್ತಿತ್ತು. ಸುಗಂಧಾ ಹೂಂ ಎಂದು ತಲೆಯಾಡಿಸುತ್ತಿದ್ದಳು. ಈಗಲಾದರೂ ನಿಜ ಹೇಳಿ, ಇನ್ನೊಂದು ಫೋನಿನ ಮುಂದೆ ಇನ್ನೊಮ್ಮೆ ಹೇಳಿಸೋಣವೆಂದರೆ, ಮೌನದ ವ್ರತ ಮುರಿಯಬೇಕು. ಶಾಂತವಾಗಿ ಹೋಗಲೆಂದು ಹಿಡಿದ ವ್ರತವನ್ನು ಮುರಿದು, ನಿನ್ನ ಮಗಳಿಗೆ ಕೇಳಿಸಿಯೇ ಇಲ್ಲ ಎಂದು ಹೇಳುವ ಎದೆ ಆಕೆಗಿರಲಿಲ್ಲ. ಹನ್ನೆರಡು ಸಲ ಬಾಯಿ ತೆರೆದು ಹನ್ನೆರಡು ಸಲ ಮುಚ್ಚಿದಳು. ಹದಿಮೂರನೆಯ ಬೆಳಗು ಮುದುಕಿ, ಕಿವಿಯಲ್ಲಿ ಮಂತ್ರ ಬೀಳುತ್ತಿರುವಾಗ, ಹಗುರಾಗಿ ಹೋದಳು. ಸಮಾಧಿ ಮರಣ ಎಂದು ಊರೆಲ್ಲ ಕೈಮುಗಿಯಿತು.

ಮುದುಕಿ ಹೋದ ಐದನೆಯ ದಿನ ಮಧ್ಯಾಹ್ನ ಪೂನಮ ಬಂದಳು. ಅಂಗಡಿಗೆ ಬಂದ ಕಾಗವಾಡದ ಗಿರಾಕಿಯೊಬ್ಬಳ ಬಾಯಿಂದ ಸುದ್ದಿ ತಿಳಿದಿತ್ತು. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊಸ್ತಿಲು ದಾಟಿ, ಅದೇ ತಂಬಿಗೆಯಿಂದ ನೀರು ಕುಡಿದಳು.

"ಆ ದಿವಸ ಅಂಗಡ್ಯಾಗ ಲಗ್ನದ ಗಿರಾಕಿ ಇದ್ರು ವೈನಿ. ಸಂಜಿಗೆ ತಗದ ನೋಡಿದ್ರ ನಿಮ್ಮ ಪುಟಾನ ಇರಲಿಲ್ಲ. ಅವ್ವಗ ಗೊತ್ತಾಗಿ ನನ್ನ ಹೊರಗ ಹಾಕಿಸಿದ್ಲು ಅನಕೊಂಡೆ."

ಸುಗಂಧಾ ಆಕೆಯ ಎರಡೂ ಕೈ ಹಿಡಿದು ಹೇಳತೊಡಗಿದಳು. ಹೇಳುತ್ತಿರುವಾಗಲೇ ಪಾರಿಸ, ತಂಗಿಗೆ ಸಮಾಧಾನವಾಗಲೆಂದು, ಅವ್ವ ನಿನ್ನನ್ನು ಕ್ಷಮಿಸಿದಳು ಎಂದ. ಕ್ಷಮಿಸಿದ್ದಲ್ಲ, ಕ್ಷಮೆ ಕೇಳಿದ್ದು ಎಂದು ಸುಗಂಧಾ ತಿದ್ದಿದಳು. ಬಾಯಾರು ಬಿಕ್ಕಿಬಿಕ್ಕಿ ಅತ್ತರು ಎಂದಳು ಸಕ್ಕುಬಾಯಿ. ಸುಂದರಾಬಾಯಿ ಅತ್ತಿರಲೇ ಇಲ್ಲ. ಮೂವರು ಮೂರು ಬಗೆ ಹೇಳಿದರು. ಪೂನಮ ಮೂವರನ್ನೂ ನೋಡಿ, ಅಂಗಡಿಯಲ್ಲಿ ಸೀರೆ ಬೇಡವೆಂದು ಏಳುವ ಗಿರಾಕಿಗೆ ನಕ್ಕಂತೆ ನಕ್ಕಳು.

"ನೀವು ಭಾಳ ಚೊಲೋರ ಅದೀರಿ ವೈನಿ. ಮೊದಲಿಂದ ಹಿಂಗ. ಕನಸಿನ್ಯಾಗ ಬಂದಿದ್ದೆ ಅಂತಿದ್ರಿ, ನೆನಪೈತಿ. ಅವ್ವನ ದನೀನೂ ನೆನಪೈತಿ."

ಸುಗಂಧಾ ಫೋನು ತೆಗೆದು ಬಿಳಿ ಪರದೆ ತೋರಿಸಿದಳು. ಅದೊಂದೇ ಸಾಕ್ಷಿ. ಪೂನಮ ನಿಧಾನವಾಗಿ ಓದಿದಳು, ಕೆಳಗಿನ ನಂಬರಿನವರೆಗೂ.

"ಇದರಾಗ ನನ್ನ ಹೆಸರ ಎಲ್ಲೈತ್ರಿ?"

ಇನ್ನು ಕೈಯಲ್ಲಿ ಉಳಿದದ್ದು ಒಂದೇ ಎಂದು ಸುಗಂಧಾಳಿಗೆ ಕಂಡಿತು. ಬಚ್ಚಿಟ್ಟಿದ್ದ ತನ್ನ ಸುಳ್ಳನ್ನೇ ತೆಗೆದು ಮುಂದಿಟ್ಟಳು. ಮುದುಕಿ ಹೂಂ ಅಂದ್ಲೇನು ಎಂದು ಕೇಳಿದ್ದನ್ನು, ತಾನು ಹೂಂ ಅಂದಾಳ ಎಂದದ್ದನ್ನು, ಹನ್ನೆರಡು ದಿನ ತಲೆಯಾಡಿಸಿದ್ದನ್ನು ಹೇಳಿದಳು. ಅತ್ತಿ ಕ್ಷಮೆ ಕೇಳದಿದ್ದರೆ ನಾನೇಕೆ ಆ ಉತ್ತರ ಕೊಡುತ್ತಿದ್ದೆ, ನೀನೇ ಯೋಚಿಸು ಎಂದಳು.

ಇದನ್ನು ಪೂನಮ ನಂಬಿದಳು. ನಂಬಿದ್ದು ಮುಖದ ಮೇಲೆ ಕಂಡಿತು, ಆದರೆ ಅದು ಸುಗಂಧಾ ಬಯಸಿದ ಹಾಗಿರಲಿಲ್ಲ.

"ಅಂದ್ರ ಅವ್ವ ಸಾಯೂ ತನಕಾ ನಾ ಹೂಂ ಅಂದೀನಿ ಅಂತ ತಿಳಕೊಂಡಿದ್ಲು."

"ಹೌದವ್ವಾ."

"ನಾ ಅಂದಿದ್ದಿಲ್ಲ." ಪೂನಮಳ ದನಿ ಏರಲಿಲ್ಲ. "ಅಂತಿದ್ನೋ ಇಲ್ಲೋ, ಅದೂ ಗೊತ್ತಿಲ್ಲ. ಒಂಬತ್ತ ವರ್ಷ ಅದೊಂದ ಮಾತ ನನ್ನ ಕಡೆ ಇತ್ತು, ವೈನಿ. ಅದನ್ನ ನೀವ ಅಂದಬಿಟ್ರಿ."

ಸುಗಂಧಾ ಮಾಡಿಟ್ಟಿದ್ದ ಕಟ್ಟಿನ ಸಾರು ಒಲೆಯ ಮೇಲೆ ಆರುತ್ತಿತ್ತು, ಆಮಸೋಲ ಹಾಕಿದ್ದು. ಪೂನಮ ಉಣ್ಣಲಿಲ್ಲ. ಅವ್ವನ ಖಾಲಿ ಮಂಚದ ಕಾಲು ಮುಟ್ಟಿ, ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳದೆ, ಚೀಲ ತೆಗೆದುಕೊಂಡಳು. ಚಿಕ್ಕೋಡಿ ಬಸ್ಸಿನ ತನಕ ಪಾರಿಸ ಜೊತೆಗೆ ಹೋದ. ನಂಬರು ಕೊಡು ಎಂದು ಕೇಳಿದನಂತೆ, ಕೊಡಲಿಲ್ಲವಂತೆ.

ಗಡಿಯಾರ ನಾಲ್ಕು ತೋರಿಸುತ್ತಿತ್ತು. ಸುಗಂಧಾ ಹಿಟ್ಟಿನ ಡಬ್ಬಿಯ ಮುಂದೆ ಕೂತಳು. ಒಲೆ ಹೊತ್ತಿಸಲು ಕೈ ಬರಲಿಲ್ಲ. ಪಾರಿಸ ತಿರುಗಿ ಬಂದು, ಅಲ್ಲೇ ಬಾಗಿಲಲ್ಲಿ ನಿಂತು, ಹೋಗುವಾಗ ಪೂನಮ ಏನಾದರೂ ಅಂದಳೇ ಎಂದು ಹೆಂಡತಿ ಕೇಳುವಳೋ ಎಂದು ಕಾದ. ಆಕೆ ಕೇಳಲಿಲ್ಲ. ಅವನೇನು ಹೇಳಿದರೂ ಅದು ನಿಜವೋ, ತನಗಾಗಿ ಒತ್ತಿದ ಅರಿಶಿನವೋ ಎಂದು ಆಕೆಗೆ ತಿಳಿಯುವಂತಿರಲಿಲ್ಲ.