ಮುದ್ದೆಮಾಲು ನಲವತ್ತೊಂದು

ನ್ಯಾಯಾಲಯದ ಹಿಂಭಾಗದಲ್ಲಿ ಮುದ್ದೆಮಾಲು ಕೊಠಡಿ. ಮೊಕದ್ದಮೆಗಳಲ್ಲಿ ಜಪ್ತಿಯಾದ ಚಾಕು, ಬೀಗ, ಸೈಕಲ್ಲು, ಹರಿದ ಅಂಗಿ, ಎಲ್ಲವೂ ತೀರ್ಪು ಬರುವ ತನಕ ಅಲ್ಲೇ ಕೊಳೆಯಬೇಕು. ಕೊಳೆಯಬೇಕು ಅಂದೆನೇ? ತಪ್ಪಾಯಿತು. ದೊಡ್ಡಕ್ಕನ ಕೈಯಲ್ಲಿ ಯಾವುದೂ ಕೊಳೆಯುವಂತಿಲ್ಲ. ಇಪ್ಪತ್ತಾರು ವರ್ಷದಿಂದ ಆ ಕೊಠಡಿಯ ಬೀಗದಕೈ ಅವಳ ಸೊಂಟದಲ್ಲಿದೆ. ನ್ಯಾಯಾಧೀಶರ ಹೊರತು ಮಿಕ್ಕವರೆಲ್ಲ ಅವಳಿಗೆ ದೊಡ್ಡಕ್ಕ ಅಂತಲೇ ಅನ್ನುತ್ತಾರೆ. ಚಾಕುವಿಗೆ ಒಣಬಟ್ಟೆಯ ಸುತ್ತು, ಅಂಗಿಗಳ ನಡುವೆ ನುಸಿಗುಳಿಗೆ. ಪ್ರತಿ ಶನಿವಾರ ದಪ್ಪ ಪುಸ್ತಕ ತೆರೆದು ಒಂದೊಂದು ವಸ್ತುವಿನ ಮುಂದೆಯೂ ಅದರ ಸ್ಥಿತಿ ಬರೆಯುತ್ತಾಳೆ. ಬಂದ ಹಾಗೇ ಹಿಂತಿರುಗಬೇಕು, ಬದಲಾದರೆ ಬರೆದಿಡಬೇಕು, ಇದು ನಿಯಮ. ನಿಯಮವನ್ನು ಓದಿದವರು ಬಹಳ ಜನ ಇದ್ದಾರೆ. ಪಾಲಿಸಿದವಳು ಇವಳೊಬ್ಬಳೇ.

ಎರಡು ವರ್ಷದ ಹಿಂದೆ ಇಟ್ಟಿಗೆ ಭಟ್ಟಿಯ ಧಣಿಯೊಬ್ಬನ ಹೇಸರಗತ್ತೆಯನ್ನು ಪೊಲೀಸರು ಹಿಡಿದು ತಂದಿದ್ದರು. ಬೆನ್ನ ಮೇಲೆ ಅಂಗೈ ಅಗಲದ ಹುಣ್ಣು. ಆದರೆ ಪ್ರಾಣಿ ಒಡೆಯನ ಸ್ವತ್ತು, ಅದನ್ನು ಅವನಿಗೇ ಕೊಡಿ ಎಂದಿತು ಕಾನೂನು. ಧಣಿ ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಅದೇ ಸಂಜೆ ಹೊಡೆದುಕೊಂಡು ಹೋದ. ಸಾಕ್ಷ್ಯಕ್ಕೆಂದು ಕಡಿವಾಣ ಮಾತ್ರ ಇಲ್ಲಿ ಉಳಿಯಿತು. ಇಪ್ಪತ್ತೇ ದಿನಕ್ಕೆ ಆ ಪ್ರಾಣಿ ಹೊರೆಯ ಕೆಳಗೇ ಸತ್ತಿತು. ಕಡಿವಾಣ ಸುರಕ್ಷಿತವಾಗಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುತ್ತಾರಲ್ಲ, ಅಂಥ ಕಾನೂನು. ಸುದ್ದಿ ಕೇಳಿದ ದಿನ ದೊಡ್ಡಕ್ಕ ಪುಸ್ತಕ ತೆರೆದು ಕಡಿವಾಣದ ಮುಂದೆ ‘ಪ್ರಾಣಿ ಸತ್ತಿದೆ’ ಎಂದು ಬರೆದಳು.

ಈಗ ಅದೇ ಧಣಿಯ ಇನ್ನೊಂದು ಹೇಸರಗತ್ತೆ, ಬೆನ್ನ ಮೇಲೆ ಅಂಥದ್ದೇ ಹುಣ್ಣು ಹೊತ್ತು, ಪೊಲೀಸರ ಕೈಗೆ ಸಿಕ್ಕಿತು. ಧಣಿಯ ಮೇಲೆ ಇದು ಎರಡನೆಯ ದೂರು ಆದ್ದರಿಂದ ತೀರ್ಪಿನವರೆಗೆ ಪ್ರಾಣಿ ನ್ಯಾಯಾಲಯದ ವಶದಲ್ಲೇ ಇರಲಿ ಎಂದು ನ್ಯಾಯಾಧೀಶರು ಹೇಳಿದರು. ಆಶ್ರಯಧಾಮದಲ್ಲಿ ಜಾಗವಿರಲಿಲ್ಲ. ಹಾಗಾಗಿ ಅದು ಕೊಠಡಿಯ ಪಕ್ಕದ ಸೈಕಲ್ ಷೆಡ್ಡಿಗೆ ಬಂತು: ಮುದ್ದೆಮಾಲು ಸಂಖ್ಯೆ ನಲವತ್ತೊಂದು.

ಪಶುವೈದ್ಯರು ಒಮ್ಮೆ ಬಂದು, ‘ಗಾಯವಿದೆ, ಕಾರಣ ಖಚಿತವಿಲ್ಲ’ ಎಂದು ಬರೆದು ಹೋದರು. ಧಣಿಯ ವಕೀಲ ಲಿಖಿತ ಹೇಳಿಕೆ ಸಲ್ಲಿಸಿದ: ಇದು ಹುಟ್ಟಿನಿಂದ ಬಂದ ಚರ್ಮರೋಗ, ಎಂದಿಗೂ ಮಾಯುವುದಿಲ್ಲ, ನಮ್ಮ ಕಕ್ಷಿದಾರರು ನಿರಪರಾಧಿ.

ಶನಿವಾರ ಬಂತು, ಸ್ಥಿತಿ ಬರೆಯಬೇಕು. ಹುಣ್ಣನ್ನು ಅಳೆಯುವುದು ಹೇಗೆ? ಬಾಗಿದ ಬೆನ್ನಿನ ಮೇಲೆ ಮರದ ಅಳತೆಪಟ್ಟಿ ಕೂರಲಿಲ್ಲ. ದೊಡ್ಡಕ್ಕ ಕಡತ ಕಟ್ಟುವ ಕೆಂಪು ಲಾಡಿಯನ್ನು ಹುಣ್ಣಿನ ಉದ್ದಕ್ಕೆ ಹಿಡಿದು ಕತ್ತರಿಸಿದಳು. ಪುಸ್ತಕಕ್ಕೆ ಅಂಟಿಸಿ, ತಾರೀಕು ಹಾಕಿ, ನ್ಯಾಯಾಲಯದ ದಫೇದಾರನ ಕೈಯಲ್ಲಿ ಸಾಕ್ಷಿ ರುಜು ಹಾಕಿಸಿದಳು.

“ಏನಕ್ಕಾ, ಕತ್ತೆಗೂ ಲಂಗ ಹೊಲಿಸ್ತೀರಾ?” ಎಂದು ದಫೇದಾರ ನಕ್ಕ.

“ನಿನಗೇ ಒಂದು ಹೊಲಿಸ್ತೀನಿ, ಮೊದಲು ಸೈನ್ ಹಾಕು.”

ಮುದ್ದೆಮಾಲಿಗೆ ಏನನ್ನೂ ಹಚ್ಚುವಂತಿಲ್ಲ. ಅವಳು ಹಚ್ಚಲಿಲ್ಲ. ನೀರು, ಹುಲ್ಲು, ನೆರಳು, ಇಷ್ಟೇ. ಮಾಲು ಎಂದ ಮೇಲೆ ಗಿಡ್ಡ ಹಗ್ಗದಲ್ಲಿ ಕಟ್ಟಿರಲೇಬೇಕು, ಕಟ್ಟಿದ್ದಳು. ಬೆನ್ನ ಮೇಲೆ ಹೊರೆಯೊಂದಿರಲಿಲ್ಲ. ವಾರ ಕಳೆದಂತೆ ಲಾಡಿಯ ತುಂಡು ಗಿಡ್ಡವಾಗುತ್ತ ಬಂತು. ಮೊದಲು ಅವಳಿಗೆ ಖುಷಿಯಾಯಿತು. ಹತ್ತನೆಯ ವಾರ ಅಂಟಿಸಲು ತುಂಡೇ ಉಳಿಯಲಿಲ್ಲ.

“ಅಯ್ಯೋ, ಸಾಕ್ಷ್ಯ ಹೋಯ್ತಲ್ಲೋ!” ಎಂದು ದಫೇದಾರನ ತೋಳು ಹಿಡಿದಳು. “ಇಪ್ಪತ್ತಾರು ವರ್ಷದಲ್ಲಿ ಒಂದು ಗುಂಡಿ ಕಳೆದವಳಲ್ಲ ನಾನು. ಈಗ ಹುಣ್ಣನ್ನೇ ಕಳೆದುಬಿಟ್ಟೆ. ಗಾಯ ಇಲ್ಲ ಅಂದ್ರೆ ಕೇಸ್ ಇಲ್ಲ. ಇದನ್ನೂ ಅವನೇ ಹೊಡ್ಕೊಂಡು ಹೋಗ್ತಾನೆ.”

ಲಾಡಿಯಿಲ್ಲದ ಖಾಲಿ ಜಾಗದ ಪಕ್ಕವೂ ದಫೇದಾರ ರುಜು ಹಾಕಿದ.

ವಿಚಾರಣೆಯ ದಿನ ಆದದ್ದೂ ಅದೇ. ನಲವತ್ತೊಂದನ್ನು ಅಂಗಳಕ್ಕೆ ತಂದರು, ನ್ಯಾಯಾಧೀಶರು ಮೆಟ್ಟಿಲಿಳಿದು ಬಂದು ನೋಡಿದರು. ಬೆನ್ನ ತುಂಬ ಹೊಸ ಕೂದಲು.

“ಸ್ವಾಮಿ, ಎಲ್ಲಿದೆ ಗಾಯ?” ವಕೀಲ ಎರಡೂ ಕೈ ಅಗಲಿಸಿದ. “ಇಲ್ಲದ ಗಾಯಕ್ಕೆ ನಮ್ಮ ಕಕ್ಷಿದಾರರನ್ನ ಅಲೆದಾಡಿಸಿದ್ದಾರೆ. ಪ್ರಾಣೀನ ಇವತ್ತೇ ವಾಪಸ್ ಕೊಡಿಸ್ಬೇಕು.”

ಧಣಿ ಹಗ್ಗಕ್ಕೆ ಆಗಲೇ ಕೈಚಾಚಿದ್ದ. ದೊಡ್ಡಕ್ಕ ಪುಸ್ತಕವನ್ನು ಎದೆಗವಚಿಕೊಂಡು ಮುಂದೆ ಬಂದಳು.

“ತಪ್ಪಾಯ್ತು ಸ್ವಾಮಿ. ಮಾಲು ಬಂದ ಹಾಗೆ ಉಳಿಸೋಕೆ ಆಗ್ಲಿಲ್ಲ. ನನ್ನ ವಶದಲ್ಲೇ ವಾಸಿಯಾಗಿಬಿಡ್ತು. ಆದ್ರೆ ಬದಲಾಗಿದ್ದನ್ನೆಲ್ಲ ಬರೆದಿಟ್ಟಿದ್ದೀನಿ.”

ನ್ಯಾಯಾಧೀಶರು ಪುಟ ತೆರೆದರು. ಒಂದರ ಕೆಳಗೊಂದು ಒಂಬತ್ತು ಕೆಂಪು ತುಂಡು. ಮೊದಲನೆಯದು ಗೇಣುದ್ದ, ಕೊನೆಯದು ಉಗುರಿನಷ್ಟು. ಪ್ರತಿಯೊಂದರ ಪಕ್ಕ ತಾರೀಕು, ಎರಡು ರುಜು. ಅವರು ಒಂದೊಂದರ ಮೇಲೂ ಬೆರಳಿಟ್ಟು ಓದಿದರು.

“ಔಷಧಿ ಏನು ಹಾಕಿದ್ರಮ್ಮ?”

“ಮಾಲಿಗೆ ಏನೂ ಹಚ್ಚೋ ಹಾಗಿಲ್ಲವಲ್ಲ ಸ್ವಾಮಿ. ಹೊರೆ ಹೊರಿಸ್ಲಿಲ್ಲ, ಅಷ್ಟೇ.”

“ಈಕೆ ಏನು ಡಾಕ್ಟರಾ ಸ್ವಾಮಿ?” ಎಂದು ವಕೀಲ ಮುಂದೆ ಬಂದ.

“ಅಲ್ಲ. ಆದ್ರೆ ಡಾಕ್ಟರು ಒಂದು ಸಲ ನೋಡಿದ್ದನ್ನ ಇವರು ಹತ್ತು ಸಲ ನೋಡಿದ್ದಾರೆ.” ನ್ಯಾಯಾಧೀಶರು ಕಡತದಿಂದ ಇನ್ನೊಂದು ಹಾಳೆ ತೆಗೆದರು. “ಇದು ನೀವೇ ಸಲ್ಲಿಸಿದ ಹೇಳಿಕೆ. ಹುಟ್ಟುರೋಗ, ಎಂದಿಗೂ ಮಾಯುವುದಿಲ್ಲ ಅಂತ ಬರೆದಿದ್ದೀರಿ. ಹೊರೆ ಇಳಿಸಿದ್ರೆ ಮಾಯೋ ಹುಟ್ಟುರೋಗ ಯಾವುದು, ಸ್ವಲ್ಪ ಹೇಳ್ತೀರಾ?”

ವಕೀಲನ ಮುಖ ಇಂಗು ತಿಂದ ಮಂಗನಂತಾಯಿತು. ಧಣಿ ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ದೊಡ್ಡಕ್ಕನಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ. ತನಗೇ ಬೈಗುಳ ಬರುತ್ತದೆಂದು ತಲೆತಗ್ಗಿಸಿ ನಿಂತಿದ್ದಳು.

“ಅಕ್ಕಾ, ತಲೆ ಎತ್ತಿ,” ಎಂದು ದಫೇದಾರ ಪಿಸುಗುಟ್ಟಿದ. “ಗೆದ್ರಿ ಕಣಕ್ಕಾ.”

ಮಧ್ಯಾಹ್ನಕ್ಕೇ ಆಜ್ಞೆ ಬಂತು. ಎರಡನೆಯ ಅಪರಾಧವಾದ್ದರಿಂದ ಪ್ರಾಣಿಯನ್ನು ಒಡೆಯನಿಗೆ ಮರಳಿಸತಕ್ಕದ್ದಲ್ಲ. ಅವನು ಇನ್ನು ಯಾವ ಪ್ರಾಣಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಭಟ್ಟಿಯಲ್ಲಿರುವ ಉಳಿದ ಐದು ಹೇಸರಗತ್ತೆಗಳನ್ನೂ ಸಂಜೆಯೊಳಗೆ ವಶಕ್ಕೆ ಪಡೆಯಬೇಕು. ಕಾನೂನು ಪುಸ್ತಕದಲ್ಲಿ ಈ ಮಾತೆಲ್ಲ ಮೊದಲಿನಿಂದಲೂ ಇದ್ದದ್ದೇ. ಎಬ್ಬಿಸುವವರು ಯಾರೂ ಇಲ್ಲದೆ ಹಾಯಾಗಿ ಮಲಗಿತ್ತು, ಅಷ್ಟೆ. ದೊಡ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳುತ್ತಲೇ ನಕ್ಕಳು. ಅಷ್ಟು ಸಂತೋಷ ಅವಳಿಗೆ ತನ್ನ ಕೆಲಸದಿಂದ ಎಂದೂ ಸಿಕ್ಕಿರಲಿಲ್ಲ.

ಈಗ ಅದು ಮುದ್ದೆಮಾಲಲ್ಲ, ಕಟ್ಟಿಹಾಕುವ ಅಗತ್ಯವಿಲ್ಲ. ಅವಳು ಹಗ್ಗ ಬಿಚ್ಚಿದಳು. ಹೇಸರಗತ್ತೆ ಒಂದು ಕ್ಷಣ ನಂಬಲಾರದೆ ನಿಂತಿತು. ಆಮೇಲೆ ಅಂಗಳದ ನಟ್ಟನಡುವೆ ಹೋಗಿ, ಮೊಣಕಾಲೂರಿ, ಧೊಪ್ಪನೆ ಉರುಳಿಕೊಂಡಿತು. ಬೆನ್ನನ್ನು ಮಣ್ಣಿಗೆ ತಿಕ್ಕುತ್ತ, ನಾಲ್ಕೂ ಕಾಲು ಮೇಲೆತ್ತಿ ಒದೆಯುತ್ತ, ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿತು. ಧೂಳು ವಕೀಲರ ಕರಿಕೋಟುಗಳ ಮೇಲೆಲ್ಲ ಹಾರಿತು. ಅಷ್ಟರಲ್ಲಿ ಗೇಟಿನ ಕಡೆ ಹೊರಟಿದ್ದ ನ್ಯಾಯಾಧೀಶರ ಕಾರು ಅದರ ಮುಂದೆ ನಿಂತಿತು. ಚಾಲಕ ಹಾರ್ನಿಗೆ ಕೈ ಹಾಕಿದ.

“ಬೇಡ ಇರಪ್ಪಾ,” ಎಂದರು ನ್ಯಾಯಾಧೀಶರು ಹಿಂದಿನ ಸೀಟಿನಿಂದ. “ಅದರದ್ದು ಮುಗೀಲಿ.”