ಮೂರನೇ ರಾಜಕುಮಾರನ ಹೆಸರು

ಸುಲ್ತಾನ್‌ಪೇಟೆಯ ಅಚ್ಚಿನಂಗಡಿಯಲ್ಲಿ ಇಪ್ಪತ್ತಾರು ವರ್ಷ ಲಗ್ನಪತ್ರಿಕೆಯ ಅಕ್ಷರ ಜೋಡಿಸಿದ ಅಂಜಿನಮ್ಮನಿಗೆ ಕೊರಿಯಾದ ರಾಜಕುಮಾರರು ಯಾವ ಲೆಕ್ಕ? ಈಗಿನವರು ಪತ್ರಿಕೆಯನ್ನು ಫೋನಿನಲ್ಲೇ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಹಾಗಾಗಿ ಗಾಂಧಿ ಬಜಾರಿನ ಮಹಡಿಯೊಂದರಲ್ಲಿದ್ದ ಕಾಮಿಕ್ಸ್ ಕಂಪನಿಗೆ ಕೊರಿಯಾದ ಚಿತ್ರಕಥೆಯೊಂದರ ಮಾತಿನ ಗುಳ್ಳೆಗಳೊಳಗೆ ಕನ್ನಡ ಕೂರಿಸುವವರು ಬೇಕಾದಾಗ, ಹೋಗಿ ಕಂಪ್ಯೂಟರ್ ಮುಂದೆ ಕೂತೇಬಿಟ್ಟಳು. ಮೊದಲ ಮೂರು ಕಂತು ಪರೀಕ್ಷೆಗೆ. ಗೆದ್ದರೆ ಎಂಬತ್ತು ಕಂತೂ ಅವಳದೇ. ಆ ಎಂಬತ್ತು ಅವಳಿಗೆ ಬೇಕೇ ಬೇಕಿತ್ತು.

ಕಥೆಯೂ ಹಿಡಿಸಿತ್ತು. ಒಬ್ಬ ರಾಜ, ಮೂವರು ಗಂಡುಮಕ್ಕಳು, ಮೂವರೂ ಮದುಮಗಳಿಗಿಂತ ಚೆಂದ. ಮೂರನೆಯವನಾದ ದೋಯುನ್‌ಗೆ ಹುಣ್ಣಿಮೆ ಬಂದರೆ ಬೆನ್ನಲ್ಲಿ ರೆಕ್ಕೆ ಮೂಡುತ್ತದೆ. ಔಷಧಿ ಅರೆಯುವವನ ಮಗಳಿಗೆ ಅವನೆಂದರೆ ಪ್ರಾಣ. “ರೆಕ್ಕೆ ಇದ್ರೇನಂತೆ, ಹುಡುಗ ಒಳ್ಳೇವ್ನು,” ಎಂದು ಅಂಜಿನಮ್ಮ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು.

ಎಡವಟ್ಟಾದದ್ದು ಮೂರನೇ ಕಂತಿನಲ್ಲಿ. ಹಿರಿಯ ರಾಜಕುಮಾರನ ಮದುವೆ. ಇಡೀ ಚಿತ್ರದ ತುಂಬ ಅರಮನೆಯ ಆಮಂತ್ರಣ ಪತ್ರ. ಕೆಳಗೆ ಕರೆಯುವವರ ಹೆಸರು: ರಾಜ, ರಾಣಿ, ಎರಡನೇ ಮಗ. ದೋಯುನ್ ಇಲ್ಲ. ಪತ್ರಿಕೆಯಲ್ಲಿ ತಮ್ಮನ ಹೆಸರು ಬಿಟ್ಟುಹೋದರೆ ಛತ್ರದ ಬಾಗಿಲಲ್ಲೇ ಜಗಳ ಶುರುವಾಗುತ್ತದೆ. ಹೀಗೆ ಎಷ್ಟು ಮನೆಯವರ ಮರೆವನ್ನು ತಾನೇ ತಿದ್ದಿ ಮಾನ ಉಳಿಸಿಲ್ಲ! ಅನುವಾದ ಮಾಡಿದವಳು ಪಾಪ, ಚಿಕ್ಕ ಹುಡುಗಿ, ಮರೆತಿರಬೇಕು ಎಂದುಕೊಂಡು ದೋಯುನ್ ಹೆಸರು ಸೇರಿಸಿದಳು. ಮುಂದಿನ ಚಿತ್ರದಲ್ಲಿ ಪತ್ರ ಓದಿದ ಔಷಧಿಯವನ ಮಗಳು ಗೋಳೋ ಎಂದು ಅತ್ತದ್ದೂ ಅವಳಿಗೆ ವಿಚಿತ್ರವೆನಿಸಲಿಲ್ಲ. ಮದುವೆ ಎಂದರೆ ಯಾರಾದರೂ ಅಳುವುದು ಇದ್ದದ್ದೇ.

ಕಂತು ಬೆಳಿಗ್ಗೆ ಆ್ಯಪಿಗೆ ಬಂತು. ಹತ್ತು ಗಂಟೆಗೆ ಅನುವಾದಕಿ ವಿಶಾಖಾ ಅವಳನ್ನು ಕರೆಸಿದಳು.

“ಹೆಸರು ಇಲ್ದೇ ಇರೋದೇ ಕಥೆ, ಅಂಜಿನಮ್ಮೋರೆ! ಅದನ್ನ ನೋಡೇ ಅವ್ಳಿಗೆ ಗೊತ್ತಾಗೋದು, ರಾಜ ಅವನನ್ನ ಮನೆಯಿಂದ ಆಚೆ ಹಾಕಿದಾನೆ ಅಂತ. ಇವಳ್ಯಾಕೆ ಅಳ್ತಿದಾಳೆ ಅಂತ ಓದೋರೆಲ್ಲ ಕೇಳ್ತಿದಾರೆ. ಕಂಪನಿ ಸರ್ ನಿಮ್ಮ ಬದಲು ಬೇರೆಯೋರನ್ನ ನೋಡು ಅಂತಿದಾರೆ.”

ಎಂಬತ್ತೂ ಕೈತಪ್ಪಿತು ಎನಿಸಿತು ಅಂಜಿನಮ್ಮನಿಗೆ. ಆದರೆ ಗೋಗರೆಯುವ ಜಾಯಮಾನ ಅವಳದಲ್ಲ.

“ತಪ್ಪು ನಂದೇ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಹತ್ತು ನಿಮಿಷ ಕೊಡಮ್ಮಾ.”

ಹೆಸರು ತೆಗೆದಳು. ಉಳಿದ ಹೆಸರುಗಳನ್ನು ಮಧ್ಯಕ್ಕೆ ಸರಿಸಿದಳು. ಪತ್ರ ಅಚ್ಚುಕಟ್ಟಾಗಿ ಕೂತಿತು. ಅದನ್ನೇ ದಿಟ್ಟಿಸಿ ತಲೆಯಾಡಿಸಿದಳು.

“ಹಿಂಗೆ ಬಿಟ್ರೆ ಒಂದು ಹೆಸರು ಹೋಗಿದೆ ಅಂತ ಯಾರಿಗೂ ತಿಳಿಯಲ್ಲ. ನೀಟಾಗಿದ್ರೆ ಯಾರೂ ಹುಡುಕೋಲ್ಲ. ನಮ್ಮಲ್ಲಿ ಎಲ್ಲಾ ಜೋಡಿಸಾದ್ಮೇಲೆ ಜನ ಓಡ್ಬಂದು ಒಂದು ಹೆಸರು ತೆಗೀರಿ ಅಂತಾರೆ. ತೆಗ್ದ ಜಾಗ ಖಾಲಿ ಉಳಿಯುತ್ತೆ. ನೆಂಟರು ಮೊದ್ಲು ನೋಡೋದು ಅದನ್ನೇ.”

ಎರಡನೇ ಮಗನ ಹೆಸರನ್ನು ಎಡಕ್ಕೆ ತಳ್ಳಿ, ಬಲಗಡೆ ಒಂದು ಹೆಸರಿನಷ್ಟು ಜಾಗವನ್ನು ಹಾಗೇ ಬಿಟ್ಟಳು. ವಿಶಾಖಾ ಮೂಲ ಕೊರಿಯನ್ ಪುಟವನ್ನು ತೆರೆದು ಪಕ್ಕದಲ್ಲಿಟ್ಟಳು. ಅಲ್ಲೂ ಅಷ್ಟೇ ಜಾಗ ಖಾಲಿ ಇತ್ತು. ಕೊರಿಯನ್ ಕಲಿತ ತನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

“ನಿಮಗೆ ಹೆಂಗೆ ಗೊತ್ತಾಯ್ತು?”

“ನಮ್ಮಣ್ಣ ಓಬಳಪ್ಪನ ಮಗನ ಪತ್ರಿಕೆ ಜೋಡಿಸಿದ್ದು ನಾನೇ. ಅಪ್ಪನ ಮನೇಲಿ ಪಾಲು ಕೇಳಿದ್ದೆ ಅಂತ ಅವನಿಗೆ ಸಿಟ್ಟು. ಅಂಗಡಿಗೇ ಬಂದು, ಸೋದರತ್ತೆ ಹೆಸರು ತೆಗಿ ಅಂದ. ನನ್ನ ಹೆಸರು ನಾನೇ ತೆಗ್ದೆ.”

ಐದು ವರ್ಷವಾದರೂ ಆ ನೋವು ಹಸಿಯಾಗಿಯೇ ಇತ್ತು. ವಿಶಾಖಾ ಒಂದು ಚುಕ್ಕೆಯನ್ನೂ ಅಲುಗಿಸದೆ, ತಿದ್ದಿದ ಪುಟವನ್ನು ಆ್ಯಪಿಗೆ ಏರಿಸಿದಳು.

“ಈ ಹುಡುಗನ ಹೆಸರು ಮತ್ತೆ ಪತ್ರಿಕೇಲಿ ಬರುತ್ತಾ?” ಅಂಜಿನಮ್ಮ ಕೇಳಿದಳು.

“ಬರುತ್ತೆ. ಎಪ್ಪತ್ತೊಂಬತ್ತನೇ ಕಂತಲ್ಲಿ. ಅವನದೇ ಮದುವೆ, ಅಪ್ಪನೇ ಬರೆಸ್ತಾನೆ.”

“ಹಂಗಾದ್ರೆ ಅದನ್ನ ಜೋಡಿಸೋಳು ನಾನೇ. ಬೇರೆಯೋರ ಕೈಗೆ ಬಿಡಲ್ಲ.”

ವಿಶಾಖಾ ಫೋನ್ ಎತ್ತಿಕೊಂಡಳು.

“ಸರ್, ಎಂಬತ್ತೂ ಅಂಜಿನಮ್ಮೋರೇ ಮಾಡ್ತಾರೆ,” ಎಂದಳು, ಅಪ್ಪಣೆ ಕೇಳುವ ದನಿಯಲ್ಲಲ್ಲ.